ಬಾಸ್ಕೆಟ್‌ಬಾಲನ್ನ ಕಿವಿಗೆ ತೋರಿಸಿದ ಚಿಕ್ ಹರ್ನ್

1/11

ಅನಿಮೆ ನೋಡೋ ಗ್ಯಾಂಗಿಗೆ ಮೊದಲು ಒಂದು ಪ್ರಶ್ನೆ. "ಸ್ಲ್ಯಾಮ್ ಡಂಕ್" ಅನ್ನೋ ಮಾತು ಯಾರದ್ದು?

ತಾಕೆಹಿಕೊ ಇನೊಯೆ ಅಂದ್ರೆ ಮಾರ್ಕ್ಸ್ ಇಲ್ಲ. ಅವರು ಆ ಹೆಸರಲ್ಲಿ 1990ರಿಂದ 1996ರವರೆಗೆ ಮಾಂಗಾ ಬರೆದ್ರು, ನಮ್ಮ ಕ್ಲಾಸ್‌ನಲ್ಲಿ ಒಂದಷ್ಟು ಜನ ಬಾಸ್ಕೆಟ್‌ಬಾಲ್ ರೂಲ್ಸ್ ಕಲಿತಿದ್ದೇ ಅದನ್ನ ನೋಡಿ. ಆದ್ರೆ ಮಾತು ಜಪಾನಿನದ್ದಲ್ಲ. ಯಾವ ಆಟಗಾರನದ್ದೂ ಅಲ್ಲ, ಕೋಚ್‌ದೂ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ಮೈಕ್ ಮುಂದೆ ಕೂತು ಆಟ ವಿವರಿಸ್ತಿದ್ದ ಒಬ್ಬ ಮನುಷ್ಯನದ್ದು. "ಡಂಕ್" ಮೊದಲೇ ಇತ್ತು. ಅದರ ಹಿಂದೆ ಬಾಗಿಲು ಧಡಾರ್ ಅಂತ ಹಾಕೋ ಸದ್ದಿನ "ಸ್ಲ್ಯಾಮ್" ಅಂಟಿಸಿದ ಕೀರ್ತಿ ಅವರಿಗೇ ಕೊಡ್ತಾರೆ. ಚೆಂಡು ರಿಂಗಿಗೂ ಬೋರ್ಡಿಗೂ ತಾಗದೆ ಹಂಗೇ ಕೆಳಗೆ ಬಿದ್ರೆ ನಾವು "ಏರ್ ಬಾಲ್" ಅಂತ ಕಿರುಚ್ತೀವಲ್ಲ, ಅದೂ ಅವರ ಖಾತೆಗೇ ಹೋಗುತ್ತೆ.

ಹೆಸರು ಚಿಕ್ ಹರ್ನ್. ಲೇಕರ್ಸ್ ತಂಡದ ದನಿ. 41 ವರ್ಷ.

ಆಟಗಾರರ ಬಗ್ಗೆ ರೀಲ್ಸ್ ಸಾವಿರ ಸಿಗುತ್ತೆ. ಇವರ ಬಗ್ಗೆ ಕನ್ನಡದಲ್ಲಿ ನಾನು ಹುಡುಕಿದಾಗ ಏನೂ ಸಿಗಲಿಲ್ಲ, ಅದಕ್ಕೆ ನಾನೇ ಬರೀತಿದ್ದೀನಿ. ಒಂದೊಂದು ಫೋಟೋ ಕೆಳಗೆ ಒಂದೊಂದು ತುಂಡು. ಇಂಟರ್ನಲ್ಸ್ ಮುಗಿದಿದೆ, ಓದೋಕೆ ಟೈಮ್ ಇಲ್ಲ ಅನ್ನಬೇಡಿ.

2/11

ನಿಜವಾದ ಹೆಸರು ಫ್ರಾನ್ಸಿಸ್ ಡೇಲ್ ಹರ್ನ್. ಹುಟ್ಟಿದ್ದು 1916ರ ನವೆಂಬರ್ 27, ಇಲಿನಾಯ್ ರಾಜ್ಯದ ಅರೋರಾ ಅನ್ನೋ ಊರಲ್ಲಿ. "ಚಿಕ್" ಹೆಂಗೆ ಬಂತು ಅಂದ್ರೆ, ಹುಡುಗನಾಗಿ ಬಾಸ್ಕೆಟ್‌ಬಾಲ್ ಆಡ್ತಿದ್ದಾಗ ಟೀಮ್‌ನವರು ಒಂದು ಶೂ ಡಬ್ಬಿ ಕೊಟ್ಟರಂತೆ. ಹೊಸ ಶೂ ಅಂತ ಆಸೆಯಿಂದ ತೆಗೆದ್ರೆ ಒಳಗೆ ಸತ್ತ ಕೋಳಿ. ಚಿಕನ್ ಹೋಗಿ ಚಿಕ್ ಆಯ್ತು. ಹಾಸ್ಟೆಲ್‌ನಲ್ಲಿ ಇಟ್ಟ ಹೆಸರು ಜೀವನಪೂರ್ತಿ ಅಂಟ್ಕೊಳ್ಳುತ್ತೆ ಅಂತ ನಮ್ಮ ರೂಮಿನ "ಬೋಂಡ"ಗೆ ಈ ಮೂಲಕ ತಿಳಿಸುತ್ತೇನೆ.

ಪಿಯೋರಿಯಾ ಅನ್ನೋ ಊರಲ್ಲಿ ಕಾಲೇಜು ಮ್ಯಾಚ್‌ಗಳಿಗೆ ಕಾಮೆಂಟರಿ ಮಾಡಿ ಕೈ ಪಳಗಿಸಿಕೊಂಡು 1950ರ ದಶಕದಲ್ಲಿ ಲಾಸ್ ಏಂಜಲೀಸ್‌ಗೆ ಬಂದ್ರು. ಲೇಕರ್ಸ್ ತಂಡ ಮಿನಿಯಾಪೊಲಿಸ್ ಬಿಟ್ಟು ಅಲ್ಲಿಗೆ ಬಂದದ್ದು 1960ರಲ್ಲಿ. ಊರಿಗೆ ಹೊಸ ತಂಡ, ನೋಡೋಕೆ ಜನ ಬರ್ತಿರಲಿಲ್ಲ. 1961ರ ಮಾರ್ಚ್‌ನಲ್ಲಿ ಮಾಲೀಕ ಬಾಬ್ ಶಾರ್ಟ್ ಇವರನ್ನ ಸೇಂಟ್ ಲೂಯಿಸ್‌ನಲ್ಲಿ ನಡೀತಿದ್ದ ಪ್ಲೇಆಫ್ ಮ್ಯಾಚಿಗೆ ಕಳಿಸಿದ್ರು, ರೇಡಿಯೋದಲ್ಲಿ ಆಟ ಹೇಳಿ ಅಂತ. ಊರವರು ಆ ರಾತ್ರಿ ಕೇಳಿದ್ರು. ತಂಡ ವಾಪಸ್ ಬಂದು ಮನೆ ಅಂಗಳದಲ್ಲಿ ಆಡಿದಾಗ ಹಾಲ್ ತುಂಬಿ ಹೋಗಿತ್ತು.

ಮಾರ್ಕೆಟಿಂಗ್ ಪೇಪರ್‌ನಲ್ಲಿ ಕೇಸ್ ಸ್ಟಡಿ ಕೇಳಿದ್ರೆ ನಾನು ಇದನ್ನೇ ಬರೆಯೋದು. ಒಂದು ಪೋಸ್ಟರ್ ಇಲ್ಲ, ಒಂದು ಆಫರ್ ಇಲ್ಲ, ಒಂದೇ ರಾತ್ರಿಯ ಮಾತು.

3/11

ಈಗ ಲೆಕ್ಕ. ಬಿಕಾಂನವರು ಗಮನಿಸಿ.

1965ರ ನವೆಂಬರ್‌ನಲ್ಲಿ ಇವರು ಒಂದು ಫುಟ್‌ಬಾಲ್ ಮ್ಯಾಚ್‌ಗೆ ಆರ್ಕನ್ಸಾಗೆ ಹೋಗಿದ್ದಾಗ ಹವಾಮಾನ ಕೆಟ್ಟು ವಿಮಾನ ಹಾರಲಿಲ್ಲ. ಲೇಕರ್ಸ್ ಮ್ಯಾಚ್ ಒಂದು ತಪ್ಪಿತು. ನವೆಂಬರ್ 21ರಿಂದ ಮತ್ತೆ ಶುರು ಮಾಡಿದ್ರು. ಆಮೇಲೆ ತಪ್ಪಿದ್ದು ಯಾವಾಗ? 2001ರ ಡಿಸೆಂಬರ್ 16ರ ಮ್ಯಾಚ್ ಆದಮೇಲೆ. ನಡುವೆ 36 ವರ್ಷ. ಸತತವಾಗಿ 3,338 ಮ್ಯಾಚ್.

ಒಂದು ಸೀಸನ್‌ಗೆ 82 ಮ್ಯಾಚ್ ಅಂದ್ರೂ 36ಕ್ಕೆ ಗುಣಿಸಿದ್ರೆ 2,952. ಮಿಕ್ಕಿದ್ದು ಪ್ಲೇಆಫ್ ಅನ್ಕೊಳ್ಳಿ. ಅದರಲ್ಲಿ ಅರ್ಧದಷ್ಟು ಬೇರೆ ಊರಲ್ಲಿ. ಫ್ಲೈಟು, ಹೋಟೆಲು, ನೆಗಡಿ, ಗಂಟಲು ನೋವು, ಹಿಮ, ಮಳೆ ಎಲ್ಲಾ ಸೇರಿ. ನಾವು 75 ಪರ್ಸೆಂಟ್ ಅಟೆಂಡೆನ್ಸ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಹುಡುಕ್ಕೊಂಡು ಓಡ್ತೀವಿ.

ಇನ್ನೊಂದು ವಿಷಯ, ಇದು ಆರ್‌ಸಿಬಿ ಜನಕ್ಕೆ. ಇವರು ಬಂದ ಮೇಲೆ ಲೇಕರ್ಸ್ ಏನೂ ಗೆಲ್ತಾ ಇರಲಿಲ್ಲ. 1962, 63, 65, 66, 68, 69, ಆರು ಫೈನಲ್, ಆರೂ ಸೋಲು, ಆರೂ ಸಲ ಎದುರಿಗೆ ಅದೇ ಬಾಸ್ಟನ್ ಸೆಲ್ಟಿಕ್ಸ್. 1970ರಲ್ಲಿ ಬೇರೆ ತಂಡ ಸಿಕ್ತು, ನ್ಯೂಯಾರ್ಕ್ ನಿಕ್ಸ್. ಅಲ್ಲೂ ಸೋಲು. ಕಪ್ ಬಂದದ್ದು 1972ರಲ್ಲಿ. ಅಂದ್ರೆ ಮೊದಲ ಹತ್ತು ಚಿಲ್ಲರೆ ವರ್ಷ ಈ ಮನುಷ್ಯನ ಕೆಲಸ ಏನು ಅಂದ್ರೆ ಊರಿಗೆ ಸೋಲಿನ ಸುದ್ದಿಯನ್ನ ಒಂದೊಂದು ಪಾಸ್ ಬಿಡದೆ ಹೇಳೋದು. ಅಷ್ಟಾದರೂ ಜನ ರೇಡಿಯೋ ಆಫ್ ಮಾಡಲಿಲ್ಲ. 2025ರ ಜೂನ್‌ವರೆಗೂ ಕಾದ ನಮಗೆ ಇದನ್ನ ವಿವರಿಸಿ ಹೇಳೋ ಅವಶ್ಯಕತೆ ಇಲ್ಲ.

4/11

ಇಲ್ಲಿಗೆ ನನ್ನ ತಾತ ಬರ್ತಾರೆ.

ನಮ್ಮೂರು ಮಂಡ್ಯ ಕಡೆ. ತಾತಂಗೆ ಗ್ಲಾಕೋಮಾ. ನಾನು ಪಿಯುಸಿಯಲ್ಲಿದ್ದಾಗ ಬಲಗಣ್ಣು ಹೋಗಿತ್ತು, ಈಗ ಎಡಗಣ್ಣಲ್ಲಿ ಬೆಳಕು ಯಾವ ಕಡೆ ಅಂತ ಮಾತ್ರ ಗೊತ್ತಾಗುತ್ತೆ. ಕಬ್ಬಿನ ಗದ್ದೆ ಬದುವಿನ ಮೇಲೆ ಕತ್ತಲಲ್ಲಿ ನಡೆದಾಡ್ತಿದ್ದ ಮನುಷ್ಯ ಈಗ ಪಡಸಾಲೆಯಿಂದ ಬಚ್ಚಲಿಗೆ ಗೋಡೆ ಹಿಡ್ಕೊಂಡು ಹೋಗ್ತಾರೆ. ಅರಳಿಕಟ್ಟೆಗೆ ಹೋಗೋದು ಬಿಟ್ಟರು. ಟಿವಿ ಹಾಕಿದ್ರೆ "ಆ ಬಡ್ಕೊಳೋದ್ನ ನಿಲ್ಸು" ಅಂತಾರೆ. ಯಾಕೆ ಅಂತ ನಂಗೆ ನಿಧಾನಕ್ಕೆ ಅರ್ಥ ಆಯ್ತು. ಟಿವಿಯವರು ಕಣ್ಣಿರೋರಿಗೆ ಮಾತ್ರ ಮಾತಾಡ್ತಾರೆ. "ವಾವ್, ವಾಟ್ ಎ ಶಾಟ್!" ಅಂದ್ರೆ ಏನು ಶಾಟು? ಎಲ್ಲಿ ಹೋಯ್ತು? "ನೋಡಿ ಇಲ್ಲಿ" ಅಂದ್ರೆ ಎಲ್ಲಿ ನೋಡೋದು?

ತಾತಂಗೆ ರೇಡಿಯೋ ಅಂದ್ರೆ ಪ್ರಾಣ. ವರ್ಷಾವರ್ಷ ದಸರಾ ಜಂಬೂಸವಾರಿಯ ವೀಕ್ಷಕ ವಿವರಣೆ ಮೈಸೂರು ಆಕಾಶವಾಣಿಯಲ್ಲಿ ಬರುತ್ತಲ್ಲ, ಟ್ರಾನ್ಸಿಸ್ಟರ್ ಕಿವಿಗೆ ಒತ್ಕೊಂಡು ಕೇಳ್ತಿದ್ರಂತೆ. "ಅಂಬಾರಿ ಈಗ ಎಲ್ಲಿಗೆ ಬಂತು ಅಂತ ಯೋಳೋರು ಕಣವ್ವ, ಆನೆ ಕಾಲು ಎತ್ತಿದ್ದೂ ಗೊತ್ತಾಗೋದು" ಅಂತಾರೆ. ವೀಕ್ಷಕ ವಿವರಣೆ. ಎಷ್ಟು ಚೆನ್ನಾಗಿದೆ ಪದ! ಕಾಮೆಂಟರಿ ಅನ್ನೋದಕ್ಕಿಂತ ಎಷ್ಟೋ ವಾಸಿ.

ನಾನು ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಲ್ಲಿ ಇದ್ದೀನಿ. ಬೆಂಚಲ್ಲೇ ಜಾಸ್ತಿ, ಅದು ಬೇರೆ ಕಥೆ. ರಜೆಗೆ ಹೋದಾಗ ತಾತ ಕೇಳಿದ್ರು, "ಅದೇನೋ ಚೆಂಡಾಟ ಆಡ್ತೀಯಂತಲ್ಲ, ಹೆಂಗಿರ್ತದೆ ಯೋಳು ಮತ್ತೆ." ಬಾಯಿ ತೆಗೆದೆ. ಕನ್ನಡ ಬರಲಿಲ್ಲ. ನಂಗೆ ಕನ್ನಡ ಬರಲ್ಲ ಅಂತಲ್ಲ, ಆ ಆಟ ಕನ್ನಡಕ್ಕೆ ಬಂದಿಲ್ಲ. ಡ್ರಿಬಲ್, ರಿಬೌಂಡ್, ಸ್ಕ್ರೀನ್, ಫಾಸ್ಟ್ ಬ್ರೇಕ್... ತಾತನ ಮುಖದಲ್ಲಿ ಏನೂ ಇಲ್ಲ. ಆ ರಾತ್ರಿನೇ ನಾನು ಯೂಟ್ಯೂಬ್‌ನಲ್ಲಿ ರೇಡಿಯೋ ಬಾಸ್ಕೆಟ್‌ಬಾಲ್ ಅಂತ ಹುಡುಕಿದ್ದು. ಚಿಕ್ ಹರ್ನ್ ಸಿಕ್ಕಿದ್ದು.

5/11

ಇವರ ಸ್ಟೈಲ್ ಏನು ಅಂತ ಹೇಳೋಕೆ ಮುಂಚೆ ಒಂದು ಮಾಹಿತಿ ಬೇಕು.

ಸಾಮಾನ್ಯವಾಗಿ ಟಿವಿಗೆ ಒಬ್ಬರು, ರೇಡಿಯೋಗೆ ಬೇರೊಬ್ಬರು. ಟಿವಿಯಲ್ಲಿ ಚಿತ್ರ ಇರುತ್ತೆ, ಮಾತು ಕಮ್ಮಿ ಸಾಕು. ರೇಡಿಯೋದಲ್ಲಿ ಮಾತು ನಿಂತ್ರೆ ಆಟವೇ ಇಲ್ಲ. ಹರ್ನ್ ಎರಡಕ್ಕೂ ಒಟ್ಟಿಗೆ ಹೇಳ್ತಿದ್ರು. ಒಂದೇ ಮೈಕ್, ಒಂದೇ ಮಾತು, ಅದೇ ಟಿವಿಗೆ, ಅದೇ ರೇಡಿಯೋಗೆ. ಸೈಮಲ್‌ಕಾಸ್ಟ್ ಅಂತಾರೆ. ಹಂಗಾಗಿ ಅವರು ಟಿವಿ ಮುಂದೆ ಕೂತಿರೋರಿಗೂ ಕಣ್ಣಿಲ್ಲದವರಿಗೆ ಹೇಳೋ ಹಾಗೆ ಹೇಳಿದ್ರು.

ಯಾರ ಹತ್ರ ಚೆಂಡಿದೆ. ಕೋರ್ಟಿನ ಯಾವ ಕಡೆ. ಎಡಗೈಯಲ್ಲೋ ಬಲಗೈಯಲ್ಲೋ. ರಿಂಗಿಂದ ಎಷ್ಟು ಅಡಿ ದೂರ. ಎದುರು ಯಾರು ನಿಂತಿದ್ದಾನೆ. ಸ್ಕೋರ್ ಎಷ್ಟು. ಟೈಮ್ ಎಷ್ಟು. ಇದನ್ನೇ ಮತ್ತೆ ಮತ್ತೆ, ಉಸಿರಿಲ್ಲದ ಹಾಗೆ, ಆದ್ರೆ ಒಂದು ತಾಳದಲ್ಲಿ. ಲೇಕರ್ಸ್ ನಿಮ್ಮ ರೇಡಿಯೋದಲ್ಲಿ ಎಡದಿಂದ ಬಲಕ್ಕೆ ಹೋಗ್ತಿದ್ದಾರೆ ಅಂತ ಹೇಳೋರು. ಅಂದ್ರೆ ಕೇಳೋನು ತನ್ನ ಮುಂದಿನ ಡಬ್ಬಿಯನ್ನೇ ಕೋರ್ಟ್ ಅನ್ಕೋಬೇಕು, ಎಡಗಡೆ ಒಂದು ರಿಂಗು, ಬಲಗಡೆ ಒಂದು ರಿಂಗು. ಎಂಥ ತಲೆ ಅಲ್ವಾ?

ಇಂಗ್ಲಿಷ್‌ನಲ್ಲಿ "ಬರ್ಡ್ಸ್ ಐ ವ್ಯೂ" ಅಂತಾರಲ್ಲ, ನಮ್ಮ ಪಕ್ಷಿನೋಟ. ಇವರು ಅದನ್ನ ತಿರುಚಿ "ವರ್ಡ್ಸ್ ಐ ವ್ಯೂ" ಮಾಡಿದ್ರು. ಮಾತಿನ ನೋಟ. ಕೂರ್ತಿದ್ದ ಜಾಗವೂ ಹಂಗೇ ಇತ್ತು. ಲೇಕರ್ಸ್ ಆಡ್ತಿದ್ದ ಫೋರಂ ಅನ್ನೋ ಹಾಲ್‌ನಲ್ಲಿ ಕೋರ್ಟ್ ಪಕ್ಕ ಅಲ್ಲ, ಪಶ್ಚಿಮದ ಗೆರೆಯ ಮೇಲ್ಗಡೆ, ತುಂಬಾ ಎತ್ತರದಲ್ಲಿ. ಅಲ್ಲಿಂದ ಹತ್ತೂ ಜನ ಕಾಣ್ತಾರೆ. ನಾವು ವಿಐಪಿ ಸೀಟ್ ಅಂತ ಮುಂದಿನ ಸಾಲಿಗೆ ಸಾಯ್ತೀವಿ. ಆಟ ಓದೋಕೆ ಮೇಲಿನ ಸಾಲೇ ಸರಿ.

6/11

ಜರ್ನಲ್ ಎಂಟ್ರಿ ಬರೆದ ಮೇಲೆ ಕೆಳಗೆ ಒಂದು ಸಾಲು ಬರೀತೀವಲ್ಲ, "ಬೀಯಿಂಗ್" ಅಂತ ಶುರು ಮಾಡಿ? ಬೀಯಿಂಗ್ ಗೂಡ್ಸ್ ಸೋಲ್ಡ್, ಬೀಯಿಂಗ್ ರೆಂಟ್ ಪೇಯ್ಡ್. ಅದರ ಹೆಸರೇ ನರೇಷನ್. ಬರೀದಿದ್ರೆ ಅರ್ಧ ಮಾರ್ಕ್ ಕಟ್ ಅಂತ ಬರೀತೀವಿ, ಯಾಕೆ ಅಂತ ಯೋಚನೆ ಮಾಡಲ್ಲ. ಹತ್ತು ವರ್ಷ ಆದಮೇಲೆ ಆ ಪುಸ್ತಕ ತೆಗೆದ, ಆ ದಿನ ಅಲ್ಲಿ ಇಲ್ಲದೆ ಇದ್ದ ಯಾರೋ ಒಬ್ಬನಿಗೆ ಏನಾಯ್ತು ಅಂತ ಗೊತ್ತಾಗಲಿ ಅಂತ. ಅಲ್ಲಿ ಇಲ್ಲದವರಿಗೋಸ್ಕರ ಬರೆಯೋ ಸಾಲು ಅದು.

ಹರ್ನ್ ಮಾಡ್ತಿದ್ದದ್ದು ಅದೇ ಅಂತ ನಂಗೆ ಹೊಳೀತು. ಮೊದಲು ಎಂಟ್ರಿ, ಆಮೇಲೆ ಅಭಿಪ್ರಾಯ. ಈಗಿನ ಕೆಲವರು ಉಲ್ಟಾ. ಮೊದಲು ಕಿರುಚ್ತಾರೆ, ಏನಾಯ್ತು ಅಂತ ರಿಪ್ಲೇಲಿ ನಾವೇ ನೋಡ್ಕೋಬೇಕು.

ಅಂದ ಹಾಗೆ ಈ ಕೆಲಸದಲ್ಲಿ ಎರಡು ಕುರ್ಚಿ ಇರುತ್ತೆ. ಏನು ನಡೀತಿದೆ ಅಂತ ಹೇಳೋರು ಪ್ಲೇ-ಬೈ-ಪ್ಲೇ. ಯಾಕೆ ನಡೀತು ಅಂತ ಹೇಳೋ ಮಾಜಿ ಆಟಗಾರ ಕಲರ್ ಕಾಮೆಂಟೇಟರ್. ಹರ್ನ್ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಮಾತಾಡೋಕೆ ಸಂದು ಸಿಗೋದೇ ಕಷ್ಟ ಇತ್ತು. ಆ ಕುರ್ಚಿಯಲ್ಲಿ 1970ರ ದಶಕದ ಕೊನೆಗೆ ಕೂತಿದ್ದ ಒಬ್ಬರು ಪ್ಯಾಟ್ ರೈಲಿ. ಅಲ್ಲಿಂದ ಎದ್ದು ಅಸಿಸ್ಟೆಂಟ್ ಕೋಚ್ ಆದ್ರು, ಆಮೇಲೆ ಹೆಡ್ ಕೋಚ್ ಆಗಿ ಅದೇ ಲೇಕರ್ಸ್‌ಗೆ ನಾಲ್ಕು ಕಪ್ ತಂದುಕೊಟ್ಟರು. ಸುಮ್ಮನೆ ಕೂತು ಕೇಳಿದ್ದೂ ಒಂದು ಟ್ರೈನಿಂಗೇ ಆಯ್ತೇನೋ. (ಬೆಂಚಲ್ಲಿ ಕೂರೋ ನಂಗೆ ಈ ವಿಷಯ ಸ್ವಲ್ಪ ಸಮಾಧಾನ ಕೊಡುತ್ತೆ.)

7/11

ಈಗ ಅಡುಗೆಮನೆ.

ಹರ್ನ್ ಮಾತುಗಳಲ್ಲಿ ಅರ್ಧ ಊಟ ತಿಂಡಿಯದ್ದು. ಒಬ್ಬ ಆಟಗಾರ ಶೋಕಿ ಮಾಡೋಕೆ ಹೋಗಿ ಸುಲಭದ ಶಾಟ್ ಕೆಡಿಸ್ಕೊಂಡ ಅನ್ಕೊಳ್ಳಿ. ಹಾಟ್‌ಡಾಗ್ ಮೇಲಿನ ಸಾಸಿವೆ ಉದುರಿ ಹೋಯ್ತು ಅನ್ನೋರು. ಅಲ್ಲಿ ಶೋಕಿಲಾಲನಿಗೆ ಹಾಟ್‌ಡಾಗ್ ಅಂತಾನೇ ಹೆಸರು. ಒಬ್ಬ ಎದುರಾಳಿಯನ್ನ ಯಾಮಾರಿಸಿ ಬೇರೆ ಕಡೆ ಹಾರಿಸಿದ್ರೆ, ಅವನು ಪಾಪ್‌ಕಾರ್ನ್ ಮಷಿನ್ ಒಳಗೆ ಹೋಗಿ ಬಿದ್ದ ಅನ್ನೋರು. ಪಾಪ್‌ಕಾರ್ನ್ ಮಷಿನ್ ಇರೋದು ಕೋರ್ಟಿಂದ ಎಷ್ಟೋ ದೂರ, ಹೊರಗೆ! ಫ್ರೀ ಥ್ರೋ ಗೆರೆಗೆ ದಾನದ ಗೆರೆ ಅಂತ ಹೆಸರು.

ಎಲ್ಲಕ್ಕಿಂತ ಫೇಮಸ್ಸು ಫ್ರಿಜ್. ಇನ್ನು ಈ ಮ್ಯಾಚ್ ತಿರುಗಲ್ಲ, ಗೆದ್ದಾಯ್ತು ಅಂತ ಅವರಿಗೆ ಖಾತ್ರಿ ಆದಾಗ ಆಟ ಫ್ರಿಜ್ ಒಳಗೆ ಹೋಯ್ತು ಅನ್ನೋರು. ಬಾಗಿಲು ಹಾಕಿತು, ಒಳಗಿನ ಲೈಟ್ ಆರಿತು, ಮೊಟ್ಟೆ ತಣ್ಣಗಾಗ್ತಿದೆ, ಬೆಣ್ಣೆ ಗಟ್ಟಿಯಾಗ್ತಿದೆ, ಜೆಲ್ಲಿ ಅಲ್ಲಾಡ್ತಿದೆ. ಸಾವಿರಾರು ಮನೆಯವರು ಈ ಒಂದು ಸಾಲಿಗೆ ಕಾಯ್ತಿದ್ರು. ಗಡಿಯಾರದಲ್ಲಿ ಟೈಮ್ ಇದ್ದಾಗಲೇ ಹೇಳೋರು, ಮುಗಿದ ಮೇಲೆ ಹೇಳಿದ್ರೆ ಅದಕ್ಕೇನು ಬೆಲೆ? ಮೊದಲೇ ಹೇಳಬೇಕು ಅಂದ್ರೆ ಧೈರ್ಯ ಬೇಕು, ಆಟ ಗೊತ್ತಿರಬೇಕು.

ನೀವೇನಾದ್ರೂ ಸ್ಕ್ರಿಪ್ಟ್ ಬರ್ಕೊಂಡು ಹೇಳ್ತಿದ್ರು ಅನ್ಕೊಂಡ್ರೆ, ಒಂದು ಪೂರ್ತಿ ಮ್ಯಾಚ್ ಕೇಳಿ. ಈ ಜೋಕ್‌ಗಳು ಎಂಟ್ರಿಗಳ ನಡುವೆ ಎಲ್ಲೋ ಒಂದೊಂದು ಕಡೆ ಬರುತ್ತವೆ. ಉಳಿದ ಹೊತ್ತೆಲ್ಲ ಬರೀ ಕೆಲಸ. ರೀಲ್ಸ್‌ನಲ್ಲಿ ಜೋಕ್ ಮಾತ್ರ ಕತ್ತರಿಸಿ ಹಾಕ್ತಾರೆ, ಅದಕ್ಕೇ ಅವರು ಬರೀ ತಮಾಷೆ ಮನುಷ್ಯ ಅನ್ಸುತ್ತೆ.

8/11

ದೀಪಾವಳಿ ರಜೆಯಲ್ಲಿ ನಾನು ಒಂದು ಪ್ರಯೋಗ ಮಾಡಿದೆ. ನಮ್ಮ ಟೀಮಿನ ಹಳೇ ಮ್ಯಾಚಿನ ವಿಡಿಯೋ ಫೋನಲ್ಲಿತ್ತು. ಸೌಂಡ್ ಮ್ಯೂಟ್ ಮಾಡಿ ತಾತನ ಪಕ್ಕ ಜಗಲಿ ಮೇಲೆ ಕೂತೆ. ಮೊದಲು ಅಂಗಳ ಹೇಳಿದೆ. "ತಾತ, ಉದ್ದ 28 ಮೀಟ್ರು, ಅಗಲ 15 ಮೀಟ್ರು. ನಮ್ಮ ಕಣದ ಎರಡರಷ್ಟು ಅನ್ಕೋ. ನಿನ್ನ ಎಡಗೈ ಕಡೆ ಹಿತ್ತಲು, ಅಲ್ಲೊಂದು ರಿಂಗು. ಬಲಗೈ ಕಡೆ ಬೀದಿ ಬಾಗಿಲು, ಅಲ್ಲೊಂದು. ಹತ್ತಡಿ ಎತ್ತರ. ನಾವು ಹಿತ್ಲಿಂದ ಬೀದಿಗೆ ಹೋಗ್ತಿದೀವಿ."

ಆಮೇಲೆ ಶುರು. "ಚೆಂಡು ನಮ್ಮ 7ನೇ ನಂಬರ್ ಹುಡುಗಿ ಹತ್ರ. ಬಲಗೈಲಿ ಪುಟಿಸ್ತಾ ಬರ್ತಿದ್ದಾಳೆ. ನಡುಮನೆ ದಾಟಿದ್ಲು. ಎದುರು ಒಬ್ಬಳು ಕೈ ಅಗಲಿಸಿ ನಿಂತಿದ್ದಾಳೆ. ಎಡಕ್ಕೆ ತಿರುಗಿದ್ಲು, ಇಲ್ಲ, ವಾಪಸ್ ಬಲಕ್ಕೆ. ಮೂಲೆಲಿರೋ 11ಕ್ಕೆ ಕೊಟ್ಲು. ಹದಿನೈದಡಿ ದೂರ. ಎಸೆದ್ಲು..."

ಅಲ್ಲಿ ಒಂದು ಗಳಿಗೆ ನಿಂತೆ. ಹರ್ನ್ ಕ್ಲಿಪ್‌ಗಳಲ್ಲಿ ಆ ನಿಲುಗಡೆ ಕೇಳಿದ್ದೆ, ಚೆಂಡು ಗಾಳಿಯಲ್ಲಿರೋವಷ್ಟು ಹೊತ್ತು.

"ಬಿತ್ತಾ?" ಅಂದ್ರು ತಾತ. ಕತ್ತು ಬೀದಿ ಬಾಗಿಲ ಕಡೆ ತಿರುಗಿತ್ತು.

ಅರ್ಧ ಗಂಟೆ ಹೇಳಿದೆ. ಗಂಟಲು ಒಣಗೋಯ್ತು. ಆಮೇಲೆ ತಾತನೇ ಪದ ಕೊಡೋಕೆ ಶುರು ಮಾಡಿದ್ರು. ಚೆಂಡು ರಿಂಗಿಗೂ ತಾಗದೆ ಬಲೆ ಒಳಗೆ ಸುಯ್ ಅಂತ ಇಳಿದ್ರೆ "ಗುಬ್ಬಿ ಗೂಡಿಗೆ ನುಗ್ತು". ಬೋರ್ಡ್ ಕೆಳಗೆ ಎಲ್ಲರೂ ಕೈ ಎತ್ತಿ ಹಾರಿದ್ರೆ "ಪ್ರಸಾದಕ್ಕೆ ಮುಗಿಬಿದ್ರು". ಫ್ರೀ ಥ್ರೋ ಗೆರೆ "ಪುಕ್ಸಟ್ಟೆ ಗೆರೆ". ಅಮೆರಿಕದವರು ದಾನದ ಗೆರೆ ಅಂತಾರೆ ತಾತ ಅಂದೆ. "ಅದೇ ಮತ್ತೆ, ನಾನ್ ಯೋಳಿದ್ದು ಅದೇಯ" ಅಂದ್ರು.

ಫ್ರಿಜ್ ಸಾಲು ಹೇಳಿದಾಗ ಮಾತ್ರ ತಾತಂಗೆ ಒಪ್ಪಿಗೆ ಆಗಲಿಲ್ಲ. ಫ್ರಿಜ್‌ನಲ್ಲಿ ಇಟ್ಟದ್ದು ನಾಳೆ ಮತ್ತೆ ತೆಗೀತೀರಲ್ಲ, ಅದು ಮುಗ್ದಂಗೆ ಹೆಂಗಾಯ್ತದೆ? ಸ್ವಲ್ಪ ಹೊತ್ತು ಯೋಚನೆ ಮಾಡಿ ತಮ್ಮದು ಹೇಳಿದ್ರು: "ಒಲೆ ಆರ್ತು. ಕೆಂಡಕ್ಕೆ ನೀರು ಚಿಮುಕ್ಸಾಯ್ತು. ಹಿಟ್ಟಿನ ಕೋಲು ತೊಳ್ದು ಗ್ವಾಡೆಗೆ ಒರಗ್ಸಾಯ್ತು. ಬೆಕ್ಕು ಬೂದಿ ಮೇಲೆ ಮನೀಕತ್ತು."

ಅಜ್ಜಿ ಒಳಗಿಂದ ನಗ್ತಿದ್ದದ್ದು ಕೇಳಿಸ್ತು. ತಾತ ಹೀಗೆ ಮಾತಾಡಿ ಎಷ್ಟು ದಿನ ಆಗಿತ್ತೋ.

9/11

ಹರ್ನ್‌ಗೆ ಸಂಬಳ ಬರ್ತಿದ್ದದ್ದು ಲೇಕರ್ಸ್ ಕಡೆಯಿಂದ. ಆದ್ರೂ ಲೇಕರ್ಸ್ ಕೆಟ್ಟದಾಗಿ ಆಡಿದ್ರೆ ಮುಲಾಜಿಲ್ಲದೆ ಹೇಳೋರು. ಸೋಮಾರಿತನ ಕಂಡ್ರೆ ಹೆಸರು ಹಿಡಿದು ಬೈಯೋರು, ಎಷ್ಟೇ ದೊಡ್ಡ ಸ್ಟಾರ್ ಇರಲಿ. ಜೆರ್ರಿ ವೆಸ್ಟ್, ವಿಲ್ಟ್ ಚೇಂಬರ್ಲಿನ್, ಕರೀಮ್, ಮ್ಯಾಜಿಕ್ ಜಾನ್ಸನ್, ಶಾಕ್, ಕೋಬಿ, ಎಲ್ಲರ ಆಟವೂ ಇವರ ಬಾಯಲ್ಲಿ ದಾಟಿ ಹೋಗಿದೆ. ಆಡಿಟಿಂಗ್ ಕ್ಲಾಸ್‌ನಲ್ಲಿ ಫೀಸ್ ಕೊಡೋ ಕಂಪನಿಯ ತಪ್ಪನ್ನೇ ಆಡಿಟರ್ ಬರೀಬೇಕು ಅಂದಾಗ ನಾವು ನಗ್ತೀವಿ, ಯಾರು ಬರೀತಾರೆ ಅಂತ. ಬರೆದವರು ಇದ್ದಾರೆ. ಊರು ಇವರನ್ನ ನಂಬಿದ್ದು ಅದಕ್ಕೇ. ಚೆನ್ನಾಗಿ ಆಡಿದ್ರು ಅಂದ್ರೆ ನಿಜವಾಗ್ಲೂ ಚೆನ್ನಾಗಿ ಆಡಿದ್ರು ಅಂತ.

10/11

ಈ ತುಂಡು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಹರ್ನ್ ಮತ್ತು ಅವರ ಹೆಂಡತಿ ಮಾರ್ಜ್‌ಗೆ ಇಬ್ಬರು ಮಕ್ಕಳು, ಒಬ್ಬ ಮಗ, ಒಬ್ಬಳು ಮಗಳು. ಇಬ್ಬರೂ ಅಪ್ಪ ಅಮ್ಮ ಬದುಕಿರುವಾಗಲೇ ತೀರಿಕೊಂಡರು. ಮಗ 1972ರಲ್ಲಿ, ಮಗಳು 1990ರಲ್ಲಿ. ಮೇಲೆ ಹೇಳಿದ ಆ 3,338ರ ಲೆಕ್ಕ ಈ ಎರಡೂ ವರ್ಷಗಳನ್ನ ದಾಟಿಕೊಂಡೇ ಹೋಗಿದೆ. ನಿಲ್ಲಲಿಲ್ಲ.

ನನ್ನ ಫ್ರೆಂಡ್ ಒಬ್ಬಳು ಇದನ್ನ ಕೇಳಿ "ಡೆಡಿಕೇಷನ್ ಅಂದ್ರೆ ಇದು" ಅಂದ್ಲು. ನಂಗೆ ಹಂಗೆ ಅನ್ಸಲ್ಲ. ಮೋಟಿವೇಷನ್ ಪೇಜ್‌ನವರು ಇಂಥದ್ದನ್ನ ಎತ್ಕೊಂಡು ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಬಿಳಿ ಅಕ್ಷರದಲ್ಲಿ ಹಾಕ್ತಾರೆ, ನೋಡಿದ್ರೆ ಮೈ ಉರಿಯುತ್ತೆ. ಮನೆಯಲ್ಲಿ ಅಷ್ಟು ದೊಡ್ಡ ಖಾಲಿ ಇದ್ದಾಗ ಮನುಷ್ಯ ಮೈಕ್ ಮುಂದೆ ಹೋಗಿ ಕೂರೋದು ಛಲನೂ ಇರಬಹುದು, ಮನೆಯಲ್ಲಿ ಕೂರೋಕಾಗದೆ ಇರೋದೂ ಇರಬಹುದು. ನಮ್ಮ ದೊಡ್ಡಪ್ಪ ಹೋದಾಗ ತಾತ ಹನ್ನೊಂದನೇ ದಿನಕ್ಕೆ ಮುಂಚೆನೇ ಗದ್ದೆಗೆ ನೀರು ಕಟ್ಟೋಕೆ ಹೋಗಿದ್ರು. ಊರವರು ಕಲ್ಲು ಮನಸ್ಸು ಅಂದ್ರು. ಅಜ್ಜಿ ಮಾತ್ರ ಏನೂ ಅನ್ನಲಿಲ್ಲ, ಗದ್ದೆಗೇ ಬುತ್ತಿ ಕಳಿಸಿದ್ರು.

ಇದರ ಬಗ್ಗೆ ಕಾಮೆಂಟ್‌ನಲ್ಲಿ ಜಗಳ ಬೇಡ ಪ್ಲೀಸ್.

2001ರ ಡಿಸೆಂಬರ್‌ನಲ್ಲಿ ಹರ್ನ್‌ಗೆ ಹೃದಯದ ಕವಾಟದ ಆಪರೇಷನ್ ಆಯ್ತು. ಸರಣಿ ಅಲ್ಲಿಗೆ ಮುರೀತು. ಚೇತರಿಸಿಕೊಳ್ತಿದ್ದಾಗ ಬಿದ್ದು ಸೊಂಟದ ಮೂಳೆ ಮುರೀತು. 85 ವರ್ಷ. ಸಾಮಾನ್ಯವಾಗಿ ಅಲ್ಲಿಗೆ ಮುಗೀತು ಅಂತಾರೆ. 2002ರ ಏಪ್ರಿಲ್ 9ಕ್ಕೆ ವಾಪಸ್ ಬಂದು ಕೂತರು. ಜೂನ್ 12ಕ್ಕೆ ಲೇಕರ್ಸ್ ನ್ಯೂಜೆರ್ಸಿ ನೆಟ್ಸ್ ತಂಡವನ್ನ 4-0 ಮಾಡಿ ಸತತ ಮೂರನೇ ಕಪ್ ಎತ್ತಿದ ಮ್ಯಾಚ್‌ನ ಹೇಳಿದ್ರು. ಅದೇ ಕೊನೇದು. ಆಗಸ್ಟ್‌ನಲ್ಲಿ ಮನೆಯ ಹಿತ್ತಲಲ್ಲಿ ಬಿದ್ದರು, 5ನೇ ತಾರೀಕು ತೀರಿಕೊಂಡರು. ಮುಂದಿನ ವರ್ಷ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಇವರನ್ನ ಸೇರಿಸಿಕೊಳ್ತು. ಒಂದು ಪಾಯಿಂಟ್ ಕೂಡ ಹೊಡೆಯದೆ.

2010ರಲ್ಲಿ ಅರೇನಾ ಹೊರಗೆ ಒಂದು ಕಂಚಿನ ಪ್ರತಿಮೆ ಇಟ್ಟಿದ್ದಾರೆ. ಮೇಜಿನ ಮುಂದೆ ಹರ್ನ್, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಯಾರು ಬೇಕಾದ್ರೂ ಕೂರಬಹುದು. ಮೂರನೇ ಫೋಟೋದಲ್ಲಿ ಇರೋದು ಅದೇ.

11/11

ಈಗ ನಮ್ಮ ವಿಷಯ.

ಶನಿವಾರ ಇಂಟರ್‌ಕಾಲೇಜ್ ಫೈನಲ್ ನಮ್ಮ ಗ್ರೌಂಡಲ್ಲೇ. ಮೈಕ್‌ಗೆ ಹೆಸರು ಕೊಟ್ಟಿದ್ದೆ. "ಕನ್ನಡದಲ್ಲಿ ಬಾಸ್ಕೆಟ್‌ಬಾಲಾ? ಕಬಡ್ಡಿಗಾದ್ರೆ ಸರಿ" ಅಂದ್ರು. ಐಪಿಎಲ್‌ಗೆ ಕನ್ನಡ ಬಂದಿದೆ ಸರ್, ಪ್ರೋ ಕಬಡ್ಡಿಗೂ ಇದೆ, ಇದಕ್ಕೆ ಯಾಕೆ ಬೇಡ ಅಂದೆ. "ಪದಗಳೇ ಇಲ್ವಲ್ಲಮ್ಮ" ಅಂದ್ರು. ಚಿಕ್ ಹರ್ನ್ ಬಾಯಿ ತೆಗೆಯೋಕೆ ಮುಂಚೆ ಇಂಗ್ಲಿಷ್‌ನಲ್ಲೂ ಇವುಗಳಲ್ಲಿ ಎಷ್ಟೋ ಇರಲಿಲ್ಲ ಸರ್ ಅಂತ ಹೇಳಿ, ಫೋನ್ ತೆಗೆದು ತಾತಂಗೆ ಹೇಳಿದ್ದರ ರೆಕಾರ್ಡಿಂಗ್ ಹಾಕಿದೆ. ಎರಡು ನಿಮಿಷ ಕೇಳಿದ್ರು. "ಗುಬ್ಬಿ ಗೂಡಿಗೆ ನುಗ್ತು" ಬಂದಾಗ ನಕ್ಕರು. ಮೂರನೇ ಕ್ವಾರ್ಟರ್ ಹತ್ತು ನಿಮಿಷ ನಂದು. ಚೆನ್ನಾಗಿ ಹೋದ್ರೆ ನಾಲ್ಕನೇದೂ ಕೊಡ್ತಾರಂತೆ.

ಚಿಕ್ಕಪ್ಪ ತಾತನ್ನ ಕರ್ಕೊಂಡು ಬರ್ತೀನಿ ಅಂದಿದ್ದಾರೆ. ತಾತ ಊರು ಬಿಟ್ಟು ಹೊರಗೆ ಬಂದು ಒಂದೂವರೆ ವರ್ಷ ಆಯ್ತು, ಬಸ್ ಹತ್ತಿ ಕೂರೋವರೆಗೂ ನಾನು ನಂಬಲ್ಲ. ಬಂದ್ರೆ ಸ್ಪೀಕರ್ ಹತ್ತಿರ, ಮೇಲಿನ ಸಾಲಲ್ಲಿ ಒಂದು ಸೀಟ್ ಹಿಡಿದಿಡಿ. ಬೋಂಡ, ಇದು ನಿನ್ನ ಕೆಲಸ.

ನಂಗೆ ಇನ್ನೂ ಪದ ಬೇಕು. ಈಗ ಇಲ್ಲದೆ ಒದ್ದಾಡ್ತಿರೋದು: ಚೆಂಡು ಕಸಿದು ಒಬ್ಬಳೇ ಓಡೋ ಫಾಸ್ಟ್ ಬ್ರೇಕ್. ಗೆಳತಿಗೆ ದಾರಿ ಬಿಡಿಸೋಕೆ ಎದುರಾಳಿ ಮುಂದೆ ಕಂಬದ ಹಾಗೆ ನಿಲ್ಲೋ ಸ್ಕ್ರೀನ್. 24 ಸೆಕೆಂಡ್ ಮುಗೀತಾ ಬಂದು ಎಸೆಯಲೇಬೇಕಾದ ಗಳಿಗೆ. ಡಿಕ್ಷನರಿ ಕನ್ನಡ ಬೇಡ, ಅದನ್ನ ಮೈಕಲ್ಲಿ ಹೇಳಿದ್ರೆ ಮ್ಯಾಚೇ ಮುಗಿದಿರುತ್ತೆ. ನಿಮ್ಮಜ್ಜಿ ನಿಮ್ಮನ್ನ ಬೈಯೋವಾಗ ಬಳಸೋ ಕನ್ನಡ ಬೇಕು. ಧಾರವಾಡದವರು, ಮಂಗಳೂರಿನವರು, ಕಲಬುರಗಿಯವರು ಎಲ್ಲರೂ ಹಾಕಿ, ಶುಕ್ರವಾರ ರಾತ್ರಿ ಒಳಗೆ. ಯಾರ ಪದ ತಗೊಂಡ್ನೋ ಅವರ ಊರಿನ ಹೆಸರು ಮೈಕಲ್ಲಿ ಹೇಳ್ತೀನಿ.